ಕಾರಿನ ಹಗ್ಗ

ಕೊಟ್ಟೂರಿನ ದಲ್ಲಾಳಿ ಬೆನಕಪ್ಪ ಎತ್ತಿನ ಬಾಯಿಗೆ ಕೈ ಹಾಕಿದರೆ ಅದರ ವಯಸ್ಸಿನ ಜೊತೆಗೆ ಹಿಂದಿನ ಮಾಲೀಕನ ಸ್ವಭಾವವನ್ನೂ ಹೇಳಿಬಿಡುತ್ತಾನೆ ಎಂದು ಸಂತೆಯಲ್ಲಿ ಮಾತಿತ್ತು. ಅದರಲ್ಲಿ ಅರ್ಧ ಸುಳ್ಳು. ಆ ಅರ್ಧವನ್ನು ಹಬ್ಬಿಸಿದವನೂ ಅವನೇ. ಆದರೆ ವ್ಯಾಪಾರದಲ್ಲಿ ಬೆನಕಪ್ಪ ಸುಳ್ಳು ಹೇಳುವವನಲ್ಲ ಎಂಬ ಇನ್ನೊಂದು ಮಾತೂ ಇತ್ತು. ಅದು ನಿಜವೇ ಆಗಿತ್ತು. ಎಷ್ಟು ಅಂಗುಲ ನಿಜ ಎಂದು ಅಳೆಯಲು ಹೋಗಬಾರದು, ಅಷ್ಟೆ.

ಅವನಪ್ಪ ಸಾಯುವಾಗ ಅವನಿಗೆ ಹೊಲ ಬಿಟ್ಟಿರಲಿಲ್ಲ, ಎರಡು ನೇಮ ಬಿಟ್ಟಿದ್ದ. ಒಂದನೆಯದು, “ಕೇಳಿದ್ರ ಸುಳ್ಳು ಹೇಳಬ್ಯಾಡ, ಕೇಳದಿದ್ರ ಬಾಯಿ ಬಿಡಬ್ಯಾಡ.” ಎತ್ತಿನ ಹೊಟ್ಟೆಯ ಕೆಳಗೆ ಕೆಟ್ಟ ಸುಳಿ ಇದೆಯೋ ಇಲ್ಲವೋ ಎಂದು ಕೊಳ್ಳುವವನು ಬಗ್ಗಿ ನೋಡಬೇಕು, ಇಲ್ಲವೇ ಬಾಯಿ ಬಿಟ್ಟು ಕೇಳಬೇಕು. ಎರಡೂ ಮಾಡದಿದ್ದರೆ ಅದು ಅವನ ಸೊಂಟದ ತಪ್ಪು, ದಲ್ಲಾಳಿಯ ತಪ್ಪಲ್ಲ. ಎರಡನೆಯ ನೇಮ, ಎತ್ತು ಮಾರಿದರೆ ಎತ್ತನ್ನು ಮಾತ್ರ ಕೊಡಬೇಕು, ಕಟ್ಟಿದ ಹಗ್ಗವನ್ನು ಬಿಚ್ಚಿ ಮನೆಗೆ ತರಬೇಕು. ಹಗ್ಗ ಕೊಟ್ಟರೆ ಅದರ ಹಿಂದೆಯೇ ಲಕ್ಷ್ಮಿಯೂ ಹೊಸ್ತಿಲು ದಾಟುತ್ತಾಳೆ. ಈ ನೇಮ ಆ ಕಡೆಯ ರೈತರೆಲ್ಲರಿಗೂ ಗೊತ್ತಿದ್ದದ್ದೇ. ಬೆನಕಪ್ಪ ಮಾತ್ರ ಅದನ್ನು ಪೂಜೆಯ ಹಾಗೆ ನಡೆಸಿಕೊಂಡು ಬಂದಿದ್ದ. ದನದ ಕೊಟ್ಟಿಗೆಯ ಗೋಡೆಯ ಗೂಟದಲ್ಲಿ ಅವನು ಮಾರಿದ ಮನೆಯ ಎತ್ತುಗಳ ಹಗ್ಗಗಳೆಲ್ಲ ತೂಗುತ್ತಿದ್ದವು. ಹೆಂಡತಿ ಶಿವಬಸಮ್ಮ ವರ್ಷಕ್ಕೊಮ್ಮೆ ಅವುಗಳ ಧೂಳು ಕೊಡವುವಾಗ, “ಎತ್ತು ಒಂದೂ ನಿಲ್ಲಲಿಲ್ಲ, ಹಗ್ಗ ಮಾತ್ರ ಗೂಟದ ತುಂಬ ಅದಾವು. ಲಕ್ಷ್ಮಿ ಬರೋದಾದ್ರ ಇವನ್ನ ಹಿಡಕೊಂಡು ನೇತಾಡಬೇಕು,” ಎಂದು ಗೊಣಗುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ಊರೂರಿಗೆ ಟ್ರ್ಯಾಕ್ಟರ್ ಬಂದು ದನದ ಸಂತೆ ಸೊರಗತೊಡಗಿತು. ಆಗ ಬೆನಕಪ್ಪನಿಗೆ ಕಾರಿನ ಹುಚ್ಚು ಹಿಡಿಯಿತು. ಕಾಲ ಬದಲಾದರೆ ನಾವೂ ಬದಲಾಗಬೇಕು ಎಂದು ಎರಡು ಜೊತೆ ಎತ್ತುಗಳಲ್ಲಿ ಒಂದನ್ನು ಮಾರಿ, ಮಿಕ್ಕದ್ದಕ್ಕೆ ದಾವಣಗೆರೆಯ ಒಂದು ಫೈನಾನ್ಸಿನಲ್ಲಿ ಸಾಲ ಮಾಡಿ, ಹಳೆಯದೊಂದು ಬಿಳಿ ಅಂಬಾಸಿಡರ್ ತಂದ. ಬಾಡಿಗೆಗೆ ಓಡಿಸುವ ಲೆಕ್ಕ. ನಲವತ್ತೈದು ದಾಟಿದ ಮೇಲೆ ಕಲಿತ ಡ್ರೈವಿಂಗು. ಬ್ರೇಕು ಒತ್ತುವಾಗ ಕಾಲಿನ ಜೊತೆ ಬಾಯಿಯೂ “ಹೋ, ಹೋ” ಎನ್ನುತ್ತಿತ್ತು. ಹಿಂದೆ ಕೂತ ಬಾಡಿಗೆಯವರು ನಕ್ಕರೆ, “ನಗ್ರಿ ನಗ್ರಿ, ನಿಂತಿತೋ ಇಲ್ಲೋ ಅಷ್ಟು ಹೇಳ್ರಿ,” ಎನ್ನುತ್ತಿದ್ದ.

ಕಾರು ಕೆಟ್ಟರೆ ಸೇರುತ್ತಿದ್ದದ್ದು ದಾವಲ್ ಸಾಬನ ಗ್ಯಾರೇಜು. ಬಸ್‌ಸ್ಟ್ಯಾಂಡಿನ ಹಿಂದೆ, ಒಂದು ಬೇವಿನ ಮರ ಮತ್ತು ನಾಲ್ಕು ತಗಡು ಸೇರಿ ಆದ ಗ್ಯಾರೇಜು ಅದು. ದಾವಲ್ ಬೆನಕಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಕಾರಿನ ಕೆಳಗೆ ಮಲಗಿದ್ದವನು ಬೆನಕಪ್ಪನ ಚಪ್ಪಲಿಯ ಸದ್ದು ಗುರುತಿಸಿ, ಏಳದೆಯೇ, “ಬಾರಣ್ಣ, ಏನಾತು ನಿನ್ನ ಎತ್ತಿಗೆ?” ಎಂದು ಕೇಳುತ್ತಿದ್ದ. ಬೆನಕಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ, ಕಾಣದ ಮುಖದ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದ. ಗ್ಯಾರೇಜಿನ ಕೆಲಸ ದಾವಲನ ಹೊಟ್ಟೆಗೆ ಸಾಲುತ್ತಿರಲಿಲ್ಲ. ಊರವರ ಗಾಡಿಗಳನ್ನೆಲ್ಲ ರಿಪೇರಿ ಮಾಡಿ ಕಳಿಸುವವನಿಗೆ ತನ್ನದೇ ಒಂದು ಬಾಡಿಗೆ ಗಾಡಿ ಇರಬೇಕು ಎಂಬ ಆಸೆ ಬಹಳ ದಿನದಿಂದ ಇತ್ತು. ಅದನ್ನು ಅವನು ಬೆನಕಪ್ಪನ ಮುಂದೆ ಮಾತ್ರ ಹೇಳಿಕೊಂಡಿದ್ದ.

ಎರಡು ವರ್ಷ ಕಾರು ಚೆನ್ನಾಗಿಯೇ ಓಡಿತು. ಆಮೇಲೆ ಬೆನಕಪ್ಪನ ಕಣ್ಣಿಗೆ ಪೊರೆ ಬಂತು. ಹಗರಿಬೊಮ್ಮನಹಳ್ಳಿಯಿಂದ ಬರುವಾಗ ಎದುರಿನ ಲಾರಿಯ ಒಂದು ದೀಪ ನಾಲ್ಕಾಗಿ ಕಂಡು, ಅವನು ಯಾವುದಕ್ಕೆ ದಾರಿ ಬಿಡಬೇಕೆಂದು ತಿಳಿಯದೆ ಜಾಲಿಯ ಪೊದೆಗೆ ನುಗ್ಗಿಸಿದ. ಜೀವಕ್ಕೇನೂ ಆಗಲಿಲ್ಲ. ಅಂದಿನಿಂದ ಕಾರು ಮನೆಯ ಮುಂದೆ ನಿಂತಿತು. ನಿಂತ ಎತ್ತು ಮೇವು ತಿನ್ನುತ್ತದೆ, ನಿಂತ ಕಾರು ಕಂತು ತಿನ್ನುತ್ತದೆ. ನಾಲ್ಕು ತಿಂಗಳು ಬೆನಕಪ್ಪ ಫೈನಾನ್ಸಿಗೆ ಕಂತು ಕಟ್ಟಲೇ ಇಲ್ಲ.

ಮಾರುವುದೆಂದು ನಿಶ್ಚಯಿಸಿದಾಗ ಅವನ ಮನಸ್ಸಿಗೆ ಬಂದವನು ದಾವಲ್ ಒಬ್ಬನೇ. ಸಾಲ ಇರುವ ಗಾಡಿಯನ್ನು ಫೈನಾನ್ಸಿನವರ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಹಾಗೆ ಮಾರುವುದು ಆ ಕಡೆ ಎಲ್ಲರೂ ಮಾಡುವ ಕೆಲಸ ಎಂಬುದೂ ಗೊತ್ತಿತ್ತು. ಕೊಳ್ಳುವವನು ಒಂದಿಷ್ಟು ಹಣ ಕೈಗೆ ಕೊಟ್ಟು ಗಾಡಿ ಒಯ್ಯುತ್ತಾನೆ, ಮುಂದಿನ ಕಂತುಗಳನ್ನು ಮಾರಿದವನ ಹೆಸರಿನಲ್ಲೇ ಕಟ್ಟುತ್ತಾನೆ, ಸಾಲ ತೀರಿದ ದಿನ ಆರ್‌ಸಿ ಬುಕ್ಕಿನಲ್ಲಿ ಹೆಸರು ಬದಲಾಗುತ್ತದೆ. ಅಲ್ಲಿಯವರೆಗೆ ನಡುವೆ ಇರುವುದು ನಂಬಿಕೆ.

ವ್ಯಾಪಾರ ನಡೆದದ್ದು ಬೇವಿನ ಮರದ ಕೆಳಗೆ. ಎದುರಿಗೆ ಯಾರೂ ಇರಲಿಲ್ಲ, ಗುಟ್ಟು ಮಾಡುವ ಅಗತ್ಯವೂ ಇರಲಿಲ್ಲ. ಆದರೂ ಬೆನಕಪ್ಪ ಹೆಗಲ ಮೇಲಿನ ಟವಲ್ ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಬೆರಳು ಒತ್ತಿ ತಿಳಿಸುತ್ತಾರೆ.

“ಇದು ಎತ್ತಲ್ಲಣ್ಣ,” ಎಂದು ದಾವಲ್ ನಕ್ಕ.

“ನನ್ನ ಕೈಗೆ ಬಾಯಿಗಿಂತ ನಾಚಿಕಿ ಕಡಿಮಿ. ಹಿಡಿ,” ಎಂದ ಬೆನಕಪ್ಪ.

ಬೆರಳುಗಳು ಹೇಳಿದವು, ಕೇಳಿದವು, ಹೆಚ್ಚಿಸಿದವು, ಇಳಿಸಿದವು. ಕೈಗೆ ಕೊಡುವ ಹಣ ಕುದುರಿತು. ಆಮೇಲೆ ದಾವಲ್ ಬಾಯಲ್ಲೇ ಕೇಳಿದ, “ಮುಂದಿನ ಕಂತು ಎಷ್ಟು ಅದಾವಣ್ಣ?” ಬೆನಕಪ್ಪ ಟವಲಿನ ಕೆಳಗೆ ಬೆರಳು ಒತ್ತಿ ಹದಿನಾಲ್ಕು ಎಂದು ತಿಳಿಸಿದ. ಅದು ಸರಿಯಾದ ಲೆಕ್ಕವೇ. ಹಿಂದಿನ ನಾಲ್ಕು ಕಂತು ಬಾಕಿ ಇದ್ದದ್ದನ್ನೂ, ಅದರ ಮೇಲೆ ದಂಡದ ಬಡ್ಡಿ ಬೆಳೆಯುತ್ತಿದ್ದದ್ದನ್ನೂ ದಾವಲ್ ಕೇಳಲಿಲ್ಲ. ಬೆನಕಪ್ಪ ಹೇಳಲಿಲ್ಲ. ಕೈಗೆ ಬರುವ ಹಣದಲ್ಲಿ ಮೊದಲು ಆ ಬಾಕಿ ಕಟ್ಟಿಬಿಡೋಣ, ಹೇಳಿ ಸುಮ್ಮನೆ ವ್ಯಾಪಾರ ಕೆಡಿಸುವುದೇಕೆ ಎಂದು ಆ ಕ್ಷಣ ಅವನು ನಿಜವಾಗಿಯೂ ಅಂದುಕೊಂಡ. ಅಂದುಕೊಳ್ಳುವುದಕ್ಕೆ ಯಾವ ಬಡ್ಡಿಯೂ ಇಲ್ಲವಲ್ಲ!

ಚಾವಿ ಕೊಡುವಾಗ ಒಂದು ತಮಾಷೆ ನಡೆಯಿತು. ಎರಡು ಚಾವಿಗಳಿದ್ದವು. ಬೆನಕಪ್ಪ ಒಂದನ್ನು ಕೊಟ್ಟು ಇನ್ನೊಂದನ್ನು ಕಿಸೆಗೆ ಹಾಕಿಕೊಂಡ.

“ಅದ್ಯಾಕಣ್ಣ?”

“ಹಗ್ಗ ಲೇ. ಹಗ್ಗ ಕೊಡಬಾರದು. ಕಾರಿಗೆ ಹಗ್ಗ ಇಲ್ಲ, ಅದಕ್ಕ ಇದು.”

ದಾವಲ್ ಮರದ ಮೇಲಿನ ಕಾಗೆ ಹಾರುವಷ್ಟು ಜೋರಾಗಿ ನಕ್ಕ. “ಇಟ್ಕೋ ಇಟ್ಕೋ. ನಿನ್ನ ಲಕ್ಷ್ಮಿ ನಿನ್ನತ್ರನ ಇರಲಿ. ನನಗ ಗಾಡಿ ಸಾಕು.” ಆ ಸಂಜೆ ಬೆನಕಪ್ಪ ಚಾವಿಯನ್ನು ಕೊಟ್ಟಿಗೆಯ ಗೂಟಕ್ಕೆ, ಹಗ್ಗಗಳ ನಡುವೆ ನೇತುಹಾಕಿದ. ಅದರಲ್ಲಿ ಅವನಿಗೆ ಬೇರೆ ಯಾವ ಉದ್ದೇಶವೂ ಇರಲಿಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಇದನ್ನು ನಂಬುವವರು ಯಾರೂ ಉಳಿಯಲಿಲ್ಲ.

ದಾವಲ್ ಕಾರಿಗೆ ಹೊಸ ಬಣ್ಣ ಹೊಡೆಸಿದ, ಸೀಟಿಗೆ ಹೊಸ ಹೊದಿಕೆ ಹಾಕಿಸಿದ. ಗ್ಯಾರೇಜನ್ನು ಬೆಳಿಗ್ಗೆ ಮಾತ್ರ ತೆರೆದು, ಮದುವೆ, ಆಸ್ಪತ್ರೆ, ಹೂವಿನಹಡಗಲಿ, ಕೂಡ್ಲಿಗಿ ಎಂದು ಬಾಡಿಗೆ ಹೊಡೆಯತೊಡಗಿದ. ಅವನ ಹೆಂಡತಿ ಅಕ್ತರಬಿ ಮೊದಲ ಸಲ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಂದದ್ದು ಶಿವಬಸಮ್ಮನಿಗೆ ಸಕ್ಕರೆ ಕೊಡಲಿಕ್ಕೆ. ಪ್ರತಿ ತಿಂಗಳು ದಾವಲ್ ತಾನೇ ದಾವಣಗೆರೆಗೆ ಹೋಗಿ ಕಂತು ಕಟ್ಟಿ ಬರುತ್ತಿದ್ದ, ಒಂದು ತಿಂಗಳೂ ತಪ್ಪಿಸಲಿಲ್ಲ. ಆದರೆ ಫೈನಾನ್ಸಿನವರು ಅವನ ಹಣವನ್ನು ಮೊದಲು ಬೆನಕಪ್ಪನ ಹಳೆಯ ಬಾಕಿಗೆ, ದಂಡಕ್ಕೆ, ಬಡ್ಡಿಗೆ ಜಮಾ ಮಾಡಿಕೊಳ್ಳುತ್ತಿದ್ದರು. ರಸೀದಿಯಲ್ಲಿ ಕಟ್ಟಿದ ಮೊತ್ತವಷ್ಟೇ ಇರುತ್ತಿದ್ದರಿಂದ ದಾವಲ್ ಮುಂದಕ್ಕೆ ನಡೆಯುತ್ತಿದ್ದೇನೆ ಎಂದುಕೊಂಡಿದ್ದ. ಲೆಕ್ಕ ನಿಂತಲ್ಲೇ ನಿಂತಿತ್ತು.

ಬೆನಕಪ್ಪ ಆ ಬಾಕಿ ಕಟ್ಟಿದನೇ? ಇಲ್ಲ. ಕೈಗೆ ಬಂದ ಹಣ ಕಣ್ಣಿನ ಆಪರೇಷನ್‌ಗೆ ಸ್ವಲ್ಪ, ಮಗಳು ಸುಮಲತಾಳ ಮದುವೆಯ ಮಾತಿಗೆ ಸ್ವಲ್ಪ ಎಂದು ಕರಗಿತು. ಮುಂದಿನ ತಿಂಗಳು ಕಟ್ಟೋಣ ಎಂದ. ಮುಂದಿನ ತಿಂಗಳಿಗೂ ಒಂದು ಮುಂದಿನ ತಿಂಗಳು ಇದ್ದೇ ಇರುತ್ತದೆ. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದ. ಪ್ರತಿ ಸಲವೂ ಒಳಗೆ ಎಲೆ ಅಡಿಕೆ ಹಾಕಿಕೊಂಡು ಮುಚ್ಚಿದ.

ಹೀಗಿರುವಾಗ ಒಂದು ದಿನ ಮಧ್ಯಾಹ್ನ ಫೈನಾನ್ಸಿನ ಇಬ್ಬರು ಮೋಟಾರ್ ಸೈಕಲ್ಲಿನಲ್ಲಿ ಬೆನಕಪ್ಪನ ಮನೆಗೆ ಬಂದರು. ಶಿವಬಸಮ್ಮ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದಳು. ಅವರಲ್ಲಿ ಹಿರಿಯವನು ಕಟ್ಟೆಯ ಮೇಲೆ ಕೂತು, ಓಣಿಗೆಲ್ಲ ಕೇಳುವಂತೆ ಮಾತು ತೆಗೆದ.

“ಯಜಮಾನ್ರೇ, ನಾಕು ಕಂತು ಹಂಗ ನಿಂತಾವು. ಗಾಡಿ ಎಲ್ಲೈತ್ರಿ?”

ಬೆನಕಪ್ಪ ಗಾಡಿ ಬೇರೆಯವರ ಹತ್ತಿರ ಇದೆ ಎಂದ. ಕೇಳಿದರಲ್ಲ, ಸುಳ್ಳು ಹೇಳುವಂತಿಲ್ಲ.

“ಅಂದ್ರ ಮಾರೀರಿ. ನಮ್ಮನ್ನ ಕೇಳದಂಗ ಮಾರೀರಿ. ಇದು ಪೊಲೀಸ್ ಕೇಸ್ ಆಕ್ಕತಿ, ಗೊತ್ತೈತಿಲ್ರಿ?”

ಮರುವಾರ ಸುಮಲತಾಳನ್ನು ನೋಡಲು ಹಡಗಲಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಎದುರು ಮನೆಯ ಅಂಜಿನಕ್ಕ ಆಗಲೇ ಮೊರ ಹಿಡಿದು ಬಾಗಿಲಿಗೆ ಬಂದು, ಇಲ್ಲದ ಕಲ್ಲು ಆರಿಸುತ್ತಿದ್ದಳು. ಬೆನಕಪ್ಪ ಅವರಿಬ್ಬರನ್ನೂ ಕೊಟ್ಟಿಗೆಯ ಒಳಗೆ ಕರೆದುಕೊಂಡು ಹೋದ. ಅದೇ ಅವನು ಮಾಡಿದ ದೊಡ್ಡ ತಪ್ಪು. ಹಿರಿಯವನ ಕಣ್ಣು ಹಗ್ಗಗಳ ನಡುವೆ ಮಿನುಗುತ್ತಿದ್ದ ಚಾವಿಯ ಮೇಲೆ ಬಿತ್ತು.

“ಅದು ಆ ಗಾಡಿ ಚಾವಿ ಏನ್ರಿ?”

“ಹೌದ್ರಿ.”

“ಅದನ್ನ ಕೊಡ್ರಿ. ನಿಮ್ಮ ಹೆಸರು ಎಲ್ಲೂ ಬರದಂಗ ನಾವು ನೋಡ್ಕೋತೀವಿ. ಗಾಡಿ ಊರಾಗ ಹಿಡಿದ್ರ ಗಲಾಟಿ. ಹೊರಗ ಎಲ್ಲ್ಯಾರ ಹೋಗ್ತೈತೇನ್ರಿ?”

ಹೋಗುತ್ತಿತ್ತು. ಅಂದು ಬೆಳಿಗ್ಗೆಯೇ ದಾವಲ್ ಹೇಳಿದ್ದ. ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಒಂದು ಕುಟುಂಬ ಬಾಡಿಗೆಗೆ ಹಿಡಿದಿದೆ ಎಂದು. ಬೆನಕಪ್ಪ ಚಾವಿ ಕೊಟ್ಟ, ಅದನ್ನೂ ಹೇಳಿದ. ಗಾಡಿ ಹಿಡಿದ ಮೇಲೆ ದಾವಲ್ ಬಂದೇ ಬರುತ್ತಾನೆ, ಆಗ ಇಬ್ಬರೂ ಹೋಗಿ ಹೇಗಾದರೂ ಬಾಕಿ ಕಟ್ಟಿ ಬಿಡಿಸಿಕೊಂಡು ಬಂದರಾಯಿತು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕಿದ. ಯಾರಿಗೆ ಹೇಳಬೇಕಿತ್ತೋ ಅವನಿಗೆ ಕೇಳಲಿಲ್ಲವೆಂದು ಹೇಳದೆ ಇದ್ದವನು, ಯಾರಿಗೆ ಹೇಳಬಾರದಿತ್ತೋ ಅವರಿಗೆ ಕೇಳಿದರೆಂದು ಎಲ್ಲವನ್ನೂ ಹೇಳಿದ. ಅಪ್ಪನ ನೇಮ ಒಂದು ಕೂದಲೆಳೆಯಷ್ಟೂ ಮುರಿಯಲಿಲ್ಲ. ಅಂಥ ನೇಮಕ್ಕೆ ಬೆಂಕಿ ಹಾಕಬೇಕು.

ಅವರು ಹೋದ ಮೇಲೆ ಅವನು ದಾವಲನ ಗ್ಯಾರೇಜಿನವರೆಗೆ ಹೋದ. ದಾವಲ್ ಕಾರಿನ ಗಾಜು ಒರೆಸುತ್ತಿದ್ದ. “ದುರ್ಗಕ್ಕ ಬರ್ತೀಯೇನಣ್ಣ? ಮುಂದಿನ ಸೀಟು ನಿಂದ,” ಎಂದ. ಬೆನಕಪ್ಪ ಮೊಣಕಾಲು ನೋವು ಎಂದ. ಅದು ಸುಳ್ಳು. ಅವನ ಕಾಲುಗಳು ಗಟ್ಟಿಮುಟ್ಟಾಗಿದ್ದವು. ಆ ಸುಳ್ಳು ಹೇಳಿದ ಬಾಯಿ ಇನ್ನೊಂದು ನಿಜ ಹೇಳಿದ್ದರೆ ಅಲ್ಲಿಗೇ ಎಲ್ಲ ತಿಳಿಯಾಗುತ್ತಿತ್ತು. ಹೇಳಲಿಲ್ಲ, ಮನೆಗೆ ಬಂದ.

ಹುಣ್ಣಿಮೆಯ ದಿನ ಸಂಜೆ, ದನಗಳು ಮನೆಗೆ ಬರುವ ಹೊತ್ತಿಗೆ ದಾವಲ್ ಬಂದ. ಚಪ್ಪಲಿ ಇರಲಿಲ್ಲ, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಹರಪನಹಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದವನು ತನ್ನ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದಿದ್ದ. ಕಟ್ಟೆಯ ಕೆಳಗೆ, ಮಣ್ಣಿನಲ್ಲಿ ಕುಕ್ಕರಿಸಿ ಕೂತ.

“ಅಣ್ಣ, ನನ್ನ ಹೊಡಿ. ನಿನ್ನ ಹೆಸರಿನ ಗಾಡಿ ಕಳಕೊಂಡು ಬಂದೀನಿ.”

ದಾವಲ್ ಹೇಳುತ್ತ ಹೋದ. ಬಾಡಿಗೆಯವರ ಜೊತೆ ಒಬ್ಬಳು ಮುದುಕಿ ಇದ್ದಳಂತೆ, ಬೆಟ್ಟದ ಮೆಟ್ಟಿಲು ಹತ್ತಲಾರದವಳು. ಅವಳ ಕೈ ಹಿಡಿದು ಉಚ್ಚಂಗೆಮ್ಮನ ಗುಡಿಯವರೆಗೆ ಹತ್ತಿಸಿ, ಹಾಗೆಯೇ ಇಳಿಸಿಕೊಂಡು ಬಂದನಂತೆ. ಕೆಳಗೆ ನೋಡಿದರೆ ಹುಣಸೆ ಮರದ ಕೆಳಗೆ ಕಾರಿಲ್ಲ. ಒಡೆದ ಗಾಜಿನ ಒಂದು ಚೂರೂ ಇಲ್ಲ. “ಬಂದ ಗಾಡಿನೆಲ್ಲ ಒಂದೊಂದಾಗಿ ನೋಡಿದೆ. ಪೊಲೀಸ್ರಿಗೆ ಹೇಳಿದ್ರ, ಗಾಡಿ ಯಾರ ಹೆಸರಿಗೈತಿ ಅವರನ್ನ ಕರಕೊಂಡು ಬಾ ಅಂದ್ರು. ನನ್ನಿಂದ ನಿನಗ ಸ್ಟೇಷನ್ ಹತ್ತೋ ಹಂಗಾತಲ್ಲ ಅಣ್ಣ. ನಾನು ಏನು ಮಾಡಲಿ ಹೇಳು. ಗ್ಯಾರೇಜು ಮಾರಿ ಆದ್ರೂ ನಿನ್ನ ಕಂತು ಕಟ್ತೀನಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಹಾಕಿಸಿಕೊಂಡ ಎಮ್ಮೆಯೇ ಎತ್ತಿನ ಮುಂದೆ ಕೂತು ಕ್ಷಮೆ ಕೇಳುತ್ತಿತ್ತು. ಬೆನಕಪ್ಪನಿಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಶಿವಬಸಮ್ಮ ನೀರಿನ ತಂಬಿಗೆ ತಂದು ದಾವಲನ ಕೈಗೆ ಕೊಟ್ಟಳು. ಅವನು ಎರಡು ಗುಟುಕು ಕುಡಿದು, “ಅಕ್ಕ, ಎರಡೂ ಚಾವಿ ತಗೊಂಡು ಬಾ ಅಂದಾರ ಪೊಲೀಸ್ರು. ನಾವ ಕದ್ದು ಮುಚ್ಚಿಟ್ಟಿಲ್ಲ ಅನ್ನೋದಕ್ಕ ಅದು ಬೇಕಂತ. ಆ ಹಗ್ಗದ ಚಾವಿ ಕೊಡು,” ಎಂದ.

ಶಿವಬಸಮ್ಮ ಕೊಟ್ಟಿಗೆಗೆ ಹೋದಳು. ಹಗ್ಗಗಳನ್ನು ಸರಿಸುವ ಸದ್ದು ಕೇಳಿತು. ಒಳಗಿನಿಂದಲೇ ಕೂಗಿದಳು, “ಏನ್ರಿ, ಚಾವಿ ಇಲ್ಲಿ ಇಲ್ಲಲ್ರಿ!”

ದಾವಲ್ ತಲೆ ಎತ್ತಿ ಬೆನಕಪ್ಪನ ಮುಖ ನೋಡಿದ. ಆ ಮುಖದಲ್ಲಿ ಏನು ಕಂಡಿತೋ, ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

“ಅಣ್ಣ, ಚಾವಿ ಎಲ್ಲೈತಿ?”

ಕೇಳಿದ. ಕೊನೆಗೂ ಕೇಳಿದ.

“ಫೈನಾನ್ಸಿನವರಿಗೆ ಕೊಟ್ಟೆ,” ಎಂದ ಬೆನಕಪ್ಪ. ಒಂದು ಸಲ ಬಾಯಿ ತೆರೆದ ಮೇಲೆ ಎಲ್ಲವೂ ಬಂತು: ಹಿಂದಿನ ನಾಲ್ಕು ಕಂತು, ದಂಡ, ದುರ್ಗದ ಸುದ್ದಿ ಹೇಳಿದ್ದು, ಎಲ್ಲ. ಶಿವಬಸಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ದಾವಲ್ ಬೈಯಲಿಲ್ಲ, ಕೂಗಲಿಲ್ಲ. ಎದ್ದು ನಿಂತು ಧೂಳು ಕೊಡವಿಕೊಂಡ. ಒಂದೇ ಮಾತು ಕೇಳಿದ.

“ಅವತ್ತು ಹಗ್ಗ ಇಟ್ಕೊಂಡಿದ್ದು ಇದಕ್ಕೇನು?”

“ಇಲ್ಲ ದಾವಲ್! ಬಸವಣ್ಣನ ಆಣಿ, ನನ್ನ ಮಗಳ ಆಣಿ. ಅದು ಸುಮ್ಮನ ಪದ್ಧತಿಗೆ ಇಟ್ಕೊಂಡಿದ್ದು. ನಂಬು.”

ದಾವಲ್ ನಂಬಲಿಲ್ಲ. ನಂಬುವುದಾದರೂ ಹೇಗೆ? ಜೀವಮಾನವೆಲ್ಲ ಅರ್ಧ ನಿಜ ಮಾರಿದವನ ಕೈಯಲ್ಲಿದ್ದ ಒಂದೇ ಒಂದು ಪೂರ್ತಿ ನಿಜ ಅದು. ಅದನ್ನು ಕೊಳ್ಳಲು ಗಿರಾಕಿಯೇ ಇರಲಿಲ್ಲ.

ಮರುದಿನ ಇಬ್ಬರೂ ದಾವಣಗೆರೆಗೆ ಹೋದರು, ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು. ಬಾಕಿ, ದಂಡ, ಗಾಡಿ ಹಿಡಿದ ಖರ್ಚು, ನಿಲ್ಲಿಸಿಕೊಂಡ ಬಾಡಿಗೆ ಎಂದು ಫೈನಾನ್ಸಿನವರು ಹೇಳಿದ ಮೊತ್ತ ಇಬ್ಬರ ಕೈಗೂ ಎಟುಕುವಂತಿರಲಿಲ್ಲ. ಕೊಟ್ಟ ಗಡುವು ಮುಗಿಯಿತು, ಕಾರು ಹರಾಜಾಯಿತು. ಬೆನಕಪ್ಪನ ಹಳೆಯ ಸಾಲವೂ, ದಾವಲ್ ಕಟ್ಟಿದ ಕಂತುಗಳೂ, ಅವನು ಹೊಡೆಸಿದ ಬಣ್ಣವೂ ಅದರ ಜೊತೆಗೇ ಹೋದವು. ಅಕ್ತರಬಿ ಓಣಿಯಲ್ಲಿ ಎದುರಾದರೆ ಶಿವಬಸಮ್ಮ ತಲೆ ತಗ್ಗಿಸಿ ದಾಟುವಂತಾಯಿತು. ಸುಮಲತಾಳ ಸಂಬಂಧವೇನೋ ಕುದುರಿತು. ಮದುವೆಯ ದಿಬ್ಬಣಕ್ಕೆ ಬೇರೆ ಊರಿನಿಂದ ಕಾರು ತರಿಸಬೇಕಾಯಿತು.

ಮದುವೆ ಮುಗಿದ ಮೇಲೆ ಬೆನಕಪ್ಪ ಮನೆಯಲ್ಲಿ ಉಳಿದಿದ್ದ ಕೊನೆಯ ಜೊತೆ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋದ. ಕೊಳ್ಳಲು ಬಂದವನು ಕೂಡ್ಲಿಗಿಯ ಕಡೆಯ ಮೈಲಪ್ಪ ಎಂಬ ರೈತ. ಕೈ ಚಾಚಿ ಟವಲಿಗೆ ಕಾದ. ಬೆನಕಪ್ಪ ಟವಲ್ ತೆಗೆಯಲಿಲ್ಲ. ಸಂತೆಯವರೆಲ್ಲ ಕೇಳುವಂತೆ ಬಾಯಲ್ಲೇ ಬೆಲೆ ಹೇಳಿದ. ಹೇಳಿ, ಕೇಳದಿದ್ದರೂ ಮುಂದುವರಿಸಿದ, “ಎಡಕಿನದು ಬ್ಯಾಸಿಗ್ಯಾಗ ಒಂಚೂರು ಕುಂಟ್ತೈತಿ. ಬಲಕಿನದಕ್ಕ ಹೊಟ್ಟಿ ಕೆಳಗ ಸುಳಿ ಐತಿ, ನೋಡ್ಕೋರಿ.” ಮೈಲಪ್ಪ ಬಗ್ಗಿ ನೋಡಿ, ಬೆಲೆಯಲ್ಲಿ ಸಾಕಷ್ಟು ಮುರಿದುಕೊಂಡೇ ಕೊಟ್ಟ. ಎತ್ತು ಹೊಡೆದುಕೊಂಡು ಹೊರಟವನು ರೂಢಿಯಂತೆ ಹಗ್ಗ ಬಿಚ್ಚಿ ಕೊಡಲು ನಿಂತ.

“ಬಿಚ್ಚಬ್ಯಾಡ್ರಿ,” ಎಂದ ಬೆನಕಪ್ಪ. “ಹಗ್ಗಾನೂ ತಗೊಂಡು ಹೋಗ್ರಿ.”

ಆ ಹಣವನ್ನು ಹಾಗೆಯೇ ಟವಲಿನಲ್ಲಿ ಕಟ್ಟಿಕೊಂಡು ಗ್ಯಾರೇಜಿಗೆ ಹೋದ. ದಾವಲ್ ಅಂದು ಕೈಗೆ ಕೊಟ್ಟಿದ್ದಷ್ಟೂ ಅದರಲ್ಲಿತ್ತು. ಕಂತುಗಳ ಹಣಕ್ಕೆ ಮಾತ್ರ ಸಾಲಲಿಲ್ಲ. ದಾವಲ್ ಒಂದು ಜೀಪಿನ ಕೆಳಗೆ ಮಲಗಿದ್ದ. ಚಪ್ಪಲಿಯ ಸದ್ದು ಕೇಳಿ ಹೊರಗೆ ಬಂದ. ಬಟ್ಟೆಯಲ್ಲಿ ಕೈ ಒರೆಸಿಕೊಂಡು ಎದ್ದು ನಿಂತ. ಹಣ ತೆಗೆದುಕೊಂಡ, ಎಣಿಸಲಿಲ್ಲ.

“ಕಂತಿಂದು ಇನ್ನೂ ಬಾಕಿ ಐತಿ ದಾವಲ್. ಕೊಡ್ತೀನಿ.”

“ಇರಲಿ ಬಿಡ್ರಿ ಬೆನಕಪ್ಪನವರೇ. ನಿಮ್ಮದು ಚುಕ್ತಾ ಆತು,” ಎಂದ ದಾವಲ್. ಒಳಗಿನಿಂದ ಸ್ಟೂಲು ತಂದು, ಅದರ ಮೇಲಿನ ಎಣ್ಣೆಯ ಕಲೆ ಒರೆಸಿ ಮುಂದೆ ಇಟ್ಟ. “ಕುಂದರ್ರಿ. ಚಾ ತರಿಸಲೇನ್ರಿ?”

ಬೆನಕಪ್ಪ ಕೂರಲಾರದೆ ಬಂದ. ಆಮೇಲೆ ಎಷ್ಟೋ ವರ್ಷ ಇಬ್ಬರೂ ಅದೇ ಊರಿನಲ್ಲಿದ್ದರು. ಕಂತಿನ ಹಣವನ್ನು ಬೆನಕಪ್ಪ ಬೇರೆಯವರ ಕೈಯಲ್ಲಿ ಚೂರು ಚೂರಾಗಿ ಕಳಿಸಿ ತೀರಿಸಿದ. ದಾವಲ್ ಮತ್ತೆ ಒಮ್ಮೆಯೂ ಬೇಡ ಎನ್ನಲಿಲ್ಲ, ಕೇಳಲೂ ಇಲ್ಲ. ಬೆನಕಪ್ಪನ ಕಣ್ಣು ಆಪರೇಷನ್ ಆದ ಮೇಲೆ ಸ್ವಚ್ಛವಾಗಿ ಕಾಣುತ್ತಿತ್ತು, ಕಾಲು ಗಟ್ಟಿಯಾಗಿದ್ದವು. ಆದರೂ ಬಸ್‌ಸ್ಟ್ಯಾಂಡಿಗೆ ಹೋಗಬೇಕಾದರೆ ಅವನು ಬೇವಿನ ಮರದ ದಾರಿ ಬಿಟ್ಟು ಊರೆಲ್ಲ ಸುತ್ತಿಕೊಂಡು ಹೋಗುತ್ತಿದ್ದ. ದಾವಲ್ ಬೈಯುತ್ತಾನೆ ಎಂದಲ್ಲ. ಬೈದಿದ್ದರೆ ದಿನವೂ ಅದೇ ದಾರಿಯಲ್ಲಿ ಹೋಗುತ್ತಿದ್ದನೇನೋ. ಅವನು ಕಂಡರೆ ಸಾಕು, ದಾವಲ್ ಮಾಡುತ್ತಿದ್ದ ಕೆಲಸ ಬಿಟ್ಟು ಗಾಡಿಯ ಕೆಳಗಿನಿಂದ ಹೊರಗೆ ಬಂದು, ಎದ್ದು ನಿಂತು, ಎರಡೂ ಕೈ ಜೋಡಿಸಿ, “ನಮಸ್ಕಾರ್ರಿ,” ಎನ್ನುತ್ತಿದ್ದ.